ನಾನು ಉಜ್ಜಿ ತೆಗೆದ ಎರಡು ಚುಕ್ಕಿ

ಹಳೆಯ ಕಾರುಗಳ ಲೋಕದಲ್ಲಿ ‘ಅಸಲಿ’ ಎಂಬ ಪದಕ್ಕೆ ಇರುವಷ್ಟು ಬೆಲೆ ಬೇರಾವ ಪದಕ್ಕೂ ಇಲ್ಲ. ಆ ಪದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಎಪ್ಪತ್ತು ವರ್ಷದ ಗಾಡಿ, ಒಂದು ನಟ್ಟೂ ಬದಲಾಗಿಲ್ಲ, ಅಮೆರಿಕದ ಕಾರ್ಖಾನೆಯಿಂದ ಹೇಗೆ ಹೊರಬಿತ್ತೋ ಹಾಗೇ ಇದೆ ಎಂದು ಯಾರಾದರೂ ಎದೆಯುಬ್ಬಿಸಿದರೆ ಅವರನ್ನು ಕೇಳಬೇಕಾದ ಪ್ರಶ್ನೆ ಒಂದೇ. ರಬ್ಬರು ಎಪ್ಪತ್ತು ವರ್ಷ ಬಾಳುತ್ತದೆಯೇನ್ರಿ? ಉತ್ತರ ಅವರಿಗೂ ಗೊತ್ತು. ಬಾಯಿ ಬಿಡುವುದಿಲ್ಲ, ಅಷ್ಟೇ.

ಈ ಸಿಟ್ಟಿನಲ್ಲಿ ಒಂದು ಭಾಗ ನನ್ನ ಮೇಲೆಯೇ ಇದೆ. ಇದನ್ನು ಮೊದಲೇ ಹೇಳುತ್ತಿದ್ದೇನೆ. ಕಾಲೇಜಿನ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುವಾಗ, ನಿಮ್ಮ ಪಕ್ಷದ ದುರ್ಬಲ ಅಂಶವನ್ನು ಎದುರಾಳಿಗಿಂತ ಮೊದಲು ನೀವೇ ಹೇಳಿಬಿಡಿ, ತೀರ್ಪುಗಾರರು ಕರಗುತ್ತಾರೆ ಎಂದು ಮೇಷ್ಟ್ರು ಕಲಿಸಿದ್ದರು. ನಿಮ್ಮನ್ನು ಕರಗಿಸುವ ಇರಾದೆ ನನಗಿಲ್ಲ. ಕರಗಿದರೆ ನೀವು ಕಥೆಯನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದೇ ಅರ್ಥ.

ನಮ್ಮ ಮನೆತನಕ್ಕೆ ಖಾನಾಪುರದಲ್ಲಿ ಹಂಚಿನ ಕಾರ್ಖಾನೆ ಇತ್ತು. ಹಂಚಿಗೆ ಒಳ್ಳೆಯ ದಿನಗಳಿದ್ದಾಗ ಮುತ್ತಜ್ಜ ಮುಂಬಯಿಯ ಒಬ್ಬ ವ್ಯಾಪಾರಿಯಿಂದ ಒಂದು ಅಮೆರಿಕನ್ ಕಾರು ಕೊಂಡು ತಂದ. ಕೆನೆ ಬಣ್ಣದ್ದು. ಮುಂದೆ ಹಲ್ಲು ಕಿಸಿದ ಹಾಗೆ ಕ್ರೋಮಿನ ಜಾಲರಿ, ಹಿಂದೆ ಮೀನಿನ ರೆಕ್ಕೆ, ಎಂಟು ಸಿಲಿಂಡರಿನ ಎಂಜಿನ್, ಗುಂಡಿ ಒತ್ತಿದರೆ ಏರಿಳಿಯುವ ಕಿಟಕಿ. ಖಾನಾಪುರದ ಓಣಿಯಲ್ಲಿ ಅದನ್ನು ತಿರುಗಿಸಬೇಕೆಂದರೆ ಎದುರು ಮನೆಯವರು ಕಟ್ಟೆಯ ಮೇಲಿನ ಕೊಡ ಎತ್ತಿಡಬೇಕಿತ್ತು. ಹಂಚಿನ ಕಾಲ ಮುಗಿದು ಸಿಮೆಂಟಿನ ಕಾಲ ಬಂತು, ಭಟ್ಟಿ ಆರಿತು. ಗಾಡಿ ಮಾತ್ರ ಉಳಿಯಿತು. ಅದು ಉಳಿದದ್ದು ಈಗಿನ ಮಾಲೀಕನಾದ ನಮ್ಮ ದೊಡ್ಡಪ್ಪನ ಪ್ರೀತಿಯಿಂದಲ್ಲ. ಬೆಳಗಾವಿಯ ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಅಂಚಿನಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಒಬ್ಬ ಮಿಸ್ತ್ರಿಯಿಂದ.

ಅವರನ್ನು ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಎಪ್ಪತ್ತು ದಾಟಿದವರು. ಬೆಳಗಾವಿ, ಖಾನಾಪುರ, ಗೋವಾ ಕಡೆಯಿಂದ ಹತ್ತು ಹನ್ನೆರಡು ಮಂದಿ ತಮ್ಮ ಹಳೆಯ ಅಮೆರಿಕನ್ ಗಾಡಿಗಳನ್ನು ಅವರ ಹತ್ತಿರ ತರುತ್ತಿದ್ದರು. ಶೆಡ್ಡಿಗೆ ಬೋರ್ಡಿರಲಿಲ್ಲ, ಜಾಹೀರಾತು ಇರಲಿಲ್ಲ. ಇದ್ದದ್ದು ಹೆಸರೊಂದೇ. ಅದು ಹೋದರೆ ಶೆಡ್ಡಿನ ಬಾಗಿಲು ಮುಚ್ಚಿದಂತೆ.

ನಾನು ಆಗ ಕಾನೂನು ಓದುತ್ತಿದ್ದೆ. ಯಾವ ವಿಷಯ ಕೊಟ್ಟರೂ ಪರ, ವಿರೋಧ ಎರಡೂ ಕಡೆ ನಿಂತು ಗೆಲ್ಲುತ್ತಿದ್ದೆ. ಮನೆಯಲ್ಲಿ ದೇವರ ಕೋಣೆಯಿಂದ ಹಿಡಿದು ಮೂಲಂಗಿಯ ತನಕ ಎಲ್ಲದಕ್ಕೂ ಪುರಾವೆ ಕೇಳುತ್ತಿದ್ದೆ. ಗಾಡಿಯ ವಿಷಯದಲ್ಲಿ ನನ್ನನ್ನು ಎಳೆದು ತಂದದ್ದು ದೊಡ್ಡಪ್ಪ. ಹಳೆ ಕಾರುಗಳ ದೊಡ್ಡ ಮೆರವಣಿಗೆಯೊಂದಕ್ಕೆ ನಮ್ಮ ಗಾಡಿಯನ್ನು ಸೇರಿಸಬೇಕೆಂಬ ಆಸೆ ಅವನಿಗೆ ಹುಟ್ಟಿತ್ತು. ಪುಣೆಯಿಂದ ಒಬ್ಬ ಪರೀಕ್ಷಕ ಬಂದು ನೋಡಿ ಒಪ್ಪಿದರೆ ಮಾತ್ರ ಪ್ರವೇಶ. ಅರ್ಜಿ, ಗಾಡಿಯ ಇತಿಹಾಸ, ಎಲ್ಲ ಇಂಗ್ಲಿಷಿನಲ್ಲಿ ಬೇಕು. ‘ಕೈ ಮುಟ್ಟದ, ಸಂಪೂರ್ಣ ಅಸಲಿ’ ಎಂಬ ಮಾತನ್ನು ಮೂರು ಪುಟದಲ್ಲಿ ಐದು ಬಗೆಯಾಗಿ ಬರೆದವಳು ನಾನೇ. ಚಾಚಾ ಅದೇ ಗಾಡಿಯ ಕೆಳಗೆ ಮಲಗಿದ್ದಾಗ, ಅವರ ಎರಡು ಕಾಲುಗಳು ಹೊರಗೆ ಚಾಚಿಕೊಂಡಿದ್ದನ್ನು ನೋಡುತ್ತಲೇ, ಕೈ ಮುಟ್ಟದ ಎಂದು ಬರೆದೆ.

ಪರೀಕ್ಷಕ ಮೊದಲ ಸಲ ಬಂದಾಗ ಎರಡು ತಕರಾರು ತೆಗೆದ. ಎಂಜಿನ್ ಕೋಣೆಯಲ್ಲಿ ಒಂದು ಭಾಗದ ಮೇಲೆ ಏನೋ ಹೊಡೆದ ಗುರುತು ಕಾಣುತ್ತದೆ, ತೆಗೆಸಿ. ಬ್ರೇಕಿನ ಪೆಡಲ್ ಒತ್ತಿದಾಗ ಮೊದಲಿಗೆ ಬಹಳ ದೂರ ಖಾಲಿ ಹೋಗುತ್ತದೆ, ಕಂಪನಿಯ ಪುಸ್ತಕದ ಪ್ರಕಾರ ಸರಿ ಮಾಡಿಸಿ. ಎರಡು ವಾರ ಬಿಟ್ಟು ಖಾನಾಪುರಕ್ಕೇ ಬಂದು ಕೊನೆಯ ಸಲ ನೋಡುತ್ತೇನೆ ಎಂದು ಹೇಳಿ ಹೋದ.

ಹೊಡೆದ ಗುರುತು ನನಗೆ ಮೊದಲೇ ಗೊತ್ತಿತ್ತು. ಬಾನೆಟ್ ಎತ್ತಿದರೆ ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ಬ್ರೇಕಿನ ಎಣ್ಣೆಯನ್ನು ತಳ್ಳುವ ಕಬ್ಬಿಣದ ಸಿಲಿಂಡರ್ ಇದೆ. ಅದರ ಅಂಚಿನ ಮೇಲೆ ಜೋಳದ ಕಾಳಿನ ಅರ್ಧದಷ್ಟು ದೊಡ್ಡ ಎರಡು ಚುಕ್ಕಿ. ಒಮ್ಮೆ ದೊಡ್ಡಪ್ಪ ನನ್ನೆದುರೇ ಕೇಳಿದ್ದ.

“ಇದೇನ್ರಿ ಚಾಚಾ ಈ ಚುಕ್ಕಿ? ಸುತ್ತಿಗಿ ಬಿದ್ದೈತೇನ?”

“ಇಲ್ರೀ ಸಾವ್ಕಾರ್ರ, ನಜರ್ ಆಗಬಾರ್ದಂತ ಹೊಡದೀನಿ. ಇಂಥಾ ಚೆಂದ ಗಾಡಿ, ಊರ ಮಂದಿ ಕಣ್ಣೆಲ್ಲಾ ಇದರ ಮ್ಯಾಲ. ಕೂಸಿನ ಗಲ್ಲಕ್ಕ ಕಾಡಗಿ ಹಚ್ಚತೀರಿಲ್ಲೋ, ಹಂಗ.”

ದೊಡ್ಡಪ್ಪನಿಗೆ ಖುಷಿಯೋ ಖುಷಿ. ನನಗೆ ಉರಿದುಹೋಯಿತು. ಅಮೆರಿಕದ ಎಂಜಿನಿಯರು ಲೆಕ್ಕ ಹಾಕಿ ಮಾಡಿದ ಬ್ರೇಕಿಗೆ ದೃಷ್ಟಿಬೊಟ್ಟು! ಅದರ ಮೇಲೆ ನಾನು ಅವತ್ತೇ ಒಂದು ಭಾಷಣ ಮಾಡಿದೆ. ಚಾಚಾ ನಗುತ್ತಾ ಕೇಳಿ, “ವಕೀಲ್ ಬಾಯಿ, ನಿನ್ನ ಬಾಯಿಗೆ ಮೊದ್ಲು ಒಂದು ಬ್ರೇಕ್ ಹಾಕಬೇಕು ನೋಡು” ಎಂದಿದ್ದರು.

ಆದ್ದರಿಂದ ಪರೀಕ್ಷಕ ಗುರುತು ತೆಗೆಸಿ ಎಂದಾಗ ನನಗದು ಕೆಲಸ ಅನ್ನಿಸಲಿಲ್ಲ, ಪುಣ್ಯ ಅನ್ನಿಸಿತು. ಚಾಚಾರಿಗೆ ಪೆಡಲಿನ ತಕರಾರೊಂದನ್ನೇ ಹೇಳಿದ್ದೆವು; ಅವರು ಮಗಳ ಮನೆಗೆಂದು ಎರಡು ದಿನ ಹುಬ್ಬಳ್ಳಿಗೆ ಹೋಗಿದ್ದರು. ಎಂಜಿನ್ ಕೋಣೆ ಒರೆಸಿ ಕಪ್ಪು ಬಣ್ಣ ಹಚ್ಚಲು ಪೇಂಟರ್ ಬಂದಿದ್ದ. ನಾನು ಚಾಚಾರ ಡಬ್ಬಿಯಿಂದ ಒಂದು ಸಣ್ಣ ಕಾನಸ ತೆಗೆದುಕೊಂಡು ಕುಳಿತೆ. ಕಬ್ಬಿಣ ಉಜ್ಜುವ ಆ ಅರದಿಂದ ಎರಡೂ ಚುಕ್ಕಿ ಮಾಯವಾಗುವ ತನಕ ಉಜ್ಜಿದೆ. ಮೂಢನಂಬಿಕೆಯೊಂದು ಪುಡಿಯಾಗಿ ಉದುರುವುದನ್ನು ಕಣ್ಣಾರೆ ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಮೇಲೆ ಬಣ್ಣ ಬಿತ್ತು. ಕೈ ಒರೆಸಿಕೊಂಡು ಮನೆಗೆ ಹೋದೆ.

ಪರೀಕ್ಷಕ ಮತ್ತೆ ಬರುವ ದಿನ ಬೆಳಿಗ್ಗೆ ದೊಡ್ಡಪ್ಪ ಶೆಡ್ಡಿಗೆ ಬಂದು ನಿಂತ. ಪೆಡಲ್ ಇನ್ನೂ ಹಾಗೇ ಇತ್ತು.

“ಚಾಚಾ, ಪುಸ್ತಕದಾಗ ಹೆಂಗೈತಿ ಹಂಗ ಮಾಡ್ರಿ ಅಂತ ಹೇಳಿದ್ನಿಲ್ಲ?”

“ಪುಸ್ತಕ ಬರದಾಂವ ಈ ಗಾಡಿ ನೋಡಿಲ್ರಿ ಸಾವ್ಕಾರ್ರ.”

ಇಂಥ ಮಾತು ಸಿಕ್ಕರೆ ನಾನು ಬಿಡುವವಳೇ? ಗೆದ್ದಲು ತಿಂದ ಆ ಪುಸ್ತಕ ನನ್ನ ಕೈಯಲ್ಲೇ ಇತ್ತು.

“ಗಾಡಿ ಮಾಡಿದಾವನಽ ಪುಸ್ತಕ ಬರದಾನ ಚಾಚಾ. ಅಂವ ನೋಡಿಲ್ಲಂದ್ರ ಮತ್ತ್ಯಾರು ನೋಡ್ಯಾರ?”

ದೊಡ್ಡಪ್ಪ ನಕ್ಕ. ಪೇಂಟರನೂ ನಕ್ಕ. ನಗು ಕೇಳಿದರೆ ನನಗೆ ಇನ್ನಷ್ಟು ಹುರುಪು.

“ಇಲ್ಲಿ ಬರದೈತಿ ನೋಡ್ರಿ. ಪೆಡಲ್ ಖಾಲಿ ಹೋಗೂದು ಕಾಲು ಇಂಚು. ನೀವು ಬಿಟ್ಟಿದ್ದು ಮುಕ್ಕಾಲು. ಯಾಕ? ಕಾರಣ ಹೇಳ್ರಿ.”

ಚಾಚಾ ದೊಡ್ಡಪ್ಪನ ಮುಖ ನೋಡಿದರು. “ಕೆಲವು ಗಾಡಿಗೆ ಪುಸ್ತಕ ಹತ್ತೂದಿಲ್ಲ ಬಾಯಿ” ಎಂದರು.

“ಅದು ಕಾರಣ ಅಲ್ಲ, ಹೇಳಿಕೆ. ಪುರಾವೆ ತೋರಸ್ರಿ.”

ಅಷ್ಟರಲ್ಲಿ ದೊಡ್ಡಪ್ಪನಿಗೆ ಫೋನ್ ಬಂತು, ಮಾತಾಡುತ್ತ ರಸ್ತೆಯ ಕಡೆಗೆ ಹೋದ. ಚಾಚಾ ತಕ್ಷಣ ಟಾರ್ಚ್ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದರು. ದನಿ ಇಳಿಸಿ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು. “ನಿಮ್ಮ ದೊಡ್ಡಪ್ಪನ ಮುಂದ ಹೇಳಾಕ ಬರೂದಿಲ್ಲ. ಎರಡು ಚುಕ್ಕಿ ಇದ್ರ ಅದು ಕಂಪನಿ ಸಾಮಾನಲ್ಲ, ಲಾರಿ ಸಾಮಾನು. ನಾ ಕೆತ್ತಿ ಕೂಡಿಸಿದ್ದು. ಚುಕ್ಕಿ ಕಂಡ್ರ ಪುಸ್ತಕ ಮುಚ್ಚಬೇಕು. ನನಗೂ ವಯಸ್ಸಾತು, ಯಾವ ಗಾಡಿಗೆ ಏನ್ ಹಾಕೀನಿ ನೆನಪಿರೂದಿಲ್ಲ. ನಾಳೆ ನಾ ಸತ್ತರೂ ಮುಂದಿನ ಮಿಸ್ತ್ರಿಗೆ ತಿಳೀಬೇಕಲ್ಲ?”

ಹೇಳುತ್ತ ಹೇಳುತ್ತ ಅವರ ಹೆಬ್ಬೆರಳು ಆ ಅಂಚಿನ ಮೇಲೆ ಓಡಾಡುತ್ತಿತ್ತು. ಒಮ್ಮೆ ಆ ಕಡೆ. ಒಮ್ಮೆ ಈ ಕಡೆ. ನಿಂತಿತು.

“ಇಲ್ಲಲ್ಲ…” ಎಂದರು.

ಆ ಎರಡು ಚುಕ್ಕಿ ಏನೆಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ನಾನು ಹೇಳಬೇಕಿದ್ದದ್ದು ಒಂದೇ ಒಂದು ವಾಕ್ಯ. ನಾ ಉಜ್ಜಿ ತೆಗೆದೆ ಚಾಚಾ. ಅದನ್ನು ಹೇಳಲು ಎಷ್ಟು ಹೊತ್ತು ಬೇಕು? ಆದರೆ ದೊಡ್ಡಪ್ಪ ಫೋನ್ ಮುಗಿಸಿ ತಿರುಗಿ ಬರುತ್ತಿದ್ದ, ಪೇಂಟರ್ ನೋಡುತ್ತಿದ್ದ, ನಾನು ಗೆಲ್ಲುತ್ತಿದ್ದೆ.

“ಇಲ್ಲಂದ್ರ ಪುಸ್ತಕನಽ ಖರೇ ಆತಲ್ಲ ಚಾಚಾ?” ಎಂದೆ.

ಚಾಚಾ ವಾದ ಮಾಡಲಿಲ್ಲ. ನೆನಪನ್ನು ನಂಬಬಾರದೆಂದೇ ಅವರು ಚುಕ್ಕಿ ಹೊಡೆಯುತ್ತಿದ್ದದ್ದು. ಹೊರಗಿನಿಂದ ನೋಡಿದರೆ ಕಂಪನಿಯದಕ್ಕೂ ತಾವು ಕೂಡಿಸಿದ್ದಕ್ಕೂ ಕೂದಲೆಳೆಯ ವ್ಯತ್ಯಾಸ ಕಾಣದಷ್ಟು ಚೆನ್ನಾಗಿ ಅವರು ಕೆಲಸ ಮಾಡುತ್ತಿದ್ದರು. ಚುಕ್ಕಿ ಇಲ್ಲವೆಂದರೆ ಅವರ ಪ್ರಕಾರ ಅದು ಕಂಪನಿಯದೇ. ನಟ್ಟು ತಿರುಗಿಸುವ ಪಾನಾ ತೆಗೆದುಕೊಂಡು ಪೆಡಲಿನ ಕೆಳಗೆ ಮಲಗಿ, ಪುಸ್ತಕದ ಪ್ರಕಾರ ಕಾಲು ಇಂಚಿಗೆ ತಂದರು. ಎದ್ದಾಗ ಅವರ ಮುಖದ ಮೇಲೆ ಸೋತವರ ಸಿಟ್ಟಿರಲಿಲ್ಲ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವವರ ಗಾಬರಿ ಇತ್ತು. “ಎರಡು ಸುತ್ತು ಓಡಿಸಿ ನೋಡೂಣು ಸಾವ್ಕಾರ್ರ” ಎಂದರು. ಕ್ಯಾಂಪಿನ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದದ್ದೇ ದೊಡ್ಡಪ್ಪ, “ಏ ಫಸ್ಟ್ ಕ್ಲಾಸ್! ಈಗ ನೋಡ್ರಿ ಬ್ರೇಕ್ ಅಂದ್ರ!” ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾನಾಪುರದ ದಾರಿ ಹಿಡಿದ.

ಪೀರನವಾಡಿ, ಮಚ್ಛೆ ದಾಟುವ ತನಕ ಲಾರಿಗಳ ನಡುವೆ ಹತ್ತು ಮಾರಿಗೊಮ್ಮೆ ಬ್ರೇಕು. ದೇಸೂರು ಬಿಟ್ಟ ಮೇಲೆ ಗಾಡಿ ಯಾಕೋ ಭಾರವಾಯಿತು. ಎಂಟು ಸಿಲಿಂಡರಿನ ಎಂಜಿನ್ ಚಡಾವಿನ ಏರಿನಲ್ಲಿ ಎತ್ತಿನ ಹಾಗೆ ಏದುಸಿರು ಬಿಟ್ಟಿತು. ಸುಟ್ಟ ವಾಸನೆ ಬಂದಾಗ ದೊಡ್ಡಪ್ಪ ಕಿಟಕಿಯ ಗುಂಡಿ ಒತ್ತಿ, “ಯಾವನೋ ಟಾಯರ್ ಸುಡಾಕತ್ತಾನ” ಎಂದ. ಆ ಯಾವನೋ ನಾವೇ. ಖಾನಾಪುರ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ ಮುಂದಿನ ಎರಡೂ ಗಾಲಿಗಳಿಂದ ಹೊಗೆ ಏಳತೊಡಗಿತು, ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ನೆಲಕ್ಕೆ ಹೋಯಿತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್. ದೊಡ್ಡಪ್ಪ ಎಡಕ್ಕೆ ಎಳೆದ. ಗಾಡಿ ಒಂದು ಚಹಾದಂಗಡಿಯ ಮುಂದಿನ ಮಣ್ಣಿನ ದಿಬ್ಬಕ್ಕೆ ಏರಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ದೊಡ್ಡಪ್ಪ ಇಳಿದವನೇ, “ನೀರ್ ತೊಗೊಂಡ್ ಬರ್ರೋ!” ಎಂದು ಕೂಗಿದ. ಅಂಗಡಿಯವನು ಪಾಪ ಕೊಡಪಾನ ಎತ್ತಿ ಕಾದ ಗಾಲಿಯ ಮೇಲೆ ಸುರಿದ. ಫಟ್ ಎಂದಿತು. ಎಡಗಡೆಯ ಬ್ರೇಕ್ ಡ್ರಮ್ಮು, ನಿಜವಾಗಿಯೂ ಕಂಪನಿಯದೇ ಆಗಿದ್ದ ಡ್ರಮ್ಮು, ಉದ್ದಕ್ಕೆ ಸೀಳಿತು. ಇಡೀ ಗಾಡಿಯಲ್ಲಿ ಅಸಲಿ ಎಂದು ಉಳಿದಿದ್ದ ನಾಲ್ಕು ಸಾಮಾನಿನಲ್ಲಿ ಒಂದನ್ನು ಗಾಡಿಯ ಮಾಲೀಕನೇ ಒಡೆಸಿದ. ಇದನ್ನು ಅವನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಚಾಚಾ ಸುದ್ದಿ ತಿಳಿದು ಯಾರದೋ ಬೈಕಿನ ಹಿಂದೆ ಕುಳಿತು ಬಂದರು. ಬಂದವರು ಪೆಡಲಿನ ಸರಳನ್ನು ಸ್ವಲ್ಪ ಸಡಿಲಿಸಿದರು, ಕಚ್ಚಿಕೊಂಡಿದ್ದ ಗಾಲಿ ಬಿಟ್ಟುಕೊಂಡಿತು. ಆ ಲಾರಿ ಸಿಲಿಂಡರಿನಲ್ಲಿ ಎಣ್ಣೆ ಹಿಂದಕ್ಕೆ ಬರುವ ತೂತು ಬೇರೆ ಕಡೆ ಇದೆ. ಕಾಲು ತೆಗೆದರೂ ಸರಳು ತುಸು ಒತ್ತಿಯೇ ಇದ್ದರೆ ಆ ತೂತು ತೆರೆಯುವುದಿಲ್ಲ, ಬ್ರೇಕು ತಾನಾಗಿ ಹಿಡಿದುಕೊಂಡೇ ಇರುತ್ತದೆ. ಕಾಯುತ್ತದೆ. ಕಾದು ಎಣ್ಣೆ ಕುದ್ದರೆ ಆಮೇಲೆ ಬ್ರೇಕೇ ಇಲ್ಲ. ಅವರಿಗೆ ಅದೆಲ್ಲ ಅರೆಗಳಿಗೆಯಲ್ಲಿ ತಿಳಿಯಿತು. ಎದ್ದು ನಿಂತು ದೊಡ್ಡಪ್ಪನಿಗೆ, “ತಪ್ಪು ನಂದು ಸಾವ್ಕಾರ್ರ. ಲಾರಿ ಸಾಮಾನು ಹಾಕಿದ್ದು ನನಗ ನೆನಪುಳಿಲಿಲ್ಲ” ಎಂದರು.

ದೊಡ್ಡಪ್ಪ ಹತ್ತು ಜನರೆದುರು ಅವರನ್ನು ಏನೇನು ಅಂದನೋ ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಪರೀಕ್ಷಕನಿಗೆ ಫೋನ್ ಮಾಡಿ ಗಾಡಿ ನೋಡುವ ದಿನವನ್ನು ಮುಂದಕ್ಕೆ ಹಾಕಿಸಿದ. ನಾನು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಎರಡನೆಯ ಸಲವೂ ಸುಮ್ಮನಿದ್ದೆ. ಸಂಜೆಯ ಹೊತ್ತಿಗೆ ಒಡೆದ ಡ್ರಮ್ಮಿನ ಫೋಟೊ ಹಳೆಗಾಡಿ ಮಾಲೀಕರ ಮೊಬೈಲ್ ಗುಂಪಿಗೆ ಹೋಗಿತ್ತು. ಕೆಳಗೆ ದೊಡ್ಡಪ್ಪನ ಸಾಲು: ‘ಮುದುಕನ ತಲಿ ಕೆಟ್ಟೈತಿ. ಗಾಡಿ ಕೊಡಬೇಕಾದ್ರ ವಿಚಾರ ಮಾಡ್ರಿ.’

ಇಲ್ಲಿ ನನ್ನ ಸಿಟ್ಟಿನ ಇನ್ನೊಂದು ತುದಿ ಇದೆ. ಇಪ್ಪತ್ತು ವರ್ಷ ಗಾಡಿ ಓಡಿದಾಗ ಇದೇ ಮಂದಿ ಏನೆನ್ನುತ್ತಿದ್ದರು ಗೊತ್ತೇ? ‘ಚಾಚಾನ ಕೈಗುಣ.’ ಕೈಗುಣವಂತೆ! ಕೈಗುಣ ಎಂದರೆ ಅವರು ಏನು ಮಾಡಿದರು ಎಂದು ಕೇಳುವ ಶ್ರಮ ತಪ್ಪುತ್ತದೆ. ಯಾವ ಸಾಮಾನು, ಎಲ್ಲಿಂದ ತಂದಿರಿ, ಎಷ್ಟು ದಿನ ಕೆತ್ತಿದಿರಿ ಎಂದು ಇಪ್ಪತ್ತು ವರ್ಷದಲ್ಲಿ ಒಬ್ಬನೂ ಕೇಳಲಿಲ್ಲ. ಕೇಳಿದರೆ ಅಸಲಿ ಎಂಬ ಪದ ಬಿದ್ದುಹೋಗುತ್ತದಲ್ಲ? ಅವರಿಗೆ ಬೇಕಾದ ಸುಳ್ಳನ್ನು ಚಾಚಾ ಹೇಳಿದರು, ನಜರ್ ಅಂದರು. ನಾನು ಚಾಚಾರನ್ನು ದೇವರು ಮಾಡುತ್ತಿಲ್ಲ. ಸುಳ್ಳು ಸುಳ್ಳೇ. ಆದರೆ ಅದನ್ನು ಹೇಳಿಸಿದವರು ಯಾರು, ನಂಬಿ ಕಾನಸ ಹಿಡಿದವಳು ಯಾರು ಎಂಬುದೂ ಲೆಕ್ಕಕ್ಕೆ ಬರಬೇಕು.

ನಾಲ್ಕನೆಯ ದಿನ ಶೆಡ್ಡಿಗೆ ಹೋದೆ. ಚಾಚಾ ಪಾನಾಗಳನ್ನು ಗೋಣಿಚೀಲದ ಮೇಲೆ ಹರಡಿ ಎರಡು ಗುಂಪು ಮಾಡುತ್ತಿದ್ದರು. ಒಂದು ಅಳಿಯನಿಗೆ, ಒಂದು ಮಾರಲು. ಪಕ್ಕದಲ್ಲಿ ಗುಳಿಗೆಗಳ ಪಟ್ಟಿ.

“ಡಾಕ್ಟರ್ ಕಡೆ ಹೋಗಿದ್ದೆ ಬಾಯಿ. ಇವತ್ತು ಯಾವ ವಾರ, ನೂರರಾಗ ಏಳು ಕಳೀರಿ ಅಂತೆಲ್ಲಾ ಕೇಳಿದ್ರು. ಬರೋಬರಿ ಹೇಳಿದ್ನೆಪಾ. ಆದ್ರೂ ನೆನಪಿನ ಗುಳಿಗಿ ಕೊಟ್ಟಾರ. ಮಂದಿ ಜೀವದ ಕೂಡ ಆಟಾ ಬ್ಯಾಡಂತ ಬಾಗಲಾ ಹಾಕಾಕತ್ತೀನಿ.”

“ನಿಮ್ಮ ನೆನಪು ಸರಿ ಐತಿ ಚಾಚಾ” ಎಂದೆ. “ಚುಕ್ಕಿ ಇದ್ದವು. ನಾ ಉಜ್ಜಿ ತೆಗದೀನಿ.”

ಅವರು ತಲೆ ಎತ್ತಲಿಲ್ಲ. “ಯಾವ ಕಾನಸದಿಂದ?”

“ಸಣ್ಣ ಚಪ್ಪಟಿದು.”

“ಎಷ್ಟ್ ಹೊತ್ತು ಹತ್ತಿತು?”

“ಅರ್ಧಾ ತಾಸು.”

“ಅರ್ಧಾ ತಾಸು.” ಈಗ ನೋಡಿದರು. “ಆ ಅರ್ಧಾ ತಾಸಿನ್ಯಾಗ ಒಮ್ಮಿ ಈ ಮುದುಕಗ ಫೋನ್ ಹಚ್ಚಿ ಕೇಳಬೇಕು ಅನಸಲಿಲ್ಲ?”

“ನೀವಽ ನಜರ್ ಅಂತ ಹೇಳಿದ್ರಿ.”

“ಹೂಂ, ಹೇಳಿದೆ. ಆಮ್ಯಾಲ ಖರೇನೂ ಹೇಳಿದ್ನಲ್ಲ? ನಿನ್ನ ಕಿಂವ್ಯಾಗ ಹೇಳೀನಿ. ನಾ ಚುಕ್ಕಿ ಹುಡಕೂ ಮುಂದ ನೀ ಬಾಜೂಕ ಇದ್ದಿ. ಗೊತ್ತಿತ್ತಿಲ್ಲೋ ನಿನಗ?”

“ಗೊತ್ತಿತ್ತು.”

ಚಾಚಾ ಗುಳಿಗೆಯ ಪಟ್ಟಿ ಎತ್ತಿ ಸುಟ್ಟೆಣ್ಣೆಯ ಡಬ್ಬಿಯಲ್ಲಿ ಹಾಕಿದರು. ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. ಡಾಕ್ಟರನ್ನು ಕೇಳದೆ ಔಷಧ ಬಿಡಬಾರದು ಚಾಚಾ ಎಂದೆ.

“ಬಾಯಿ ಮುಚ್ಚು!” ಶೆಡ್ಡಿನ ತಗಡು ನಡುಗುವ ಹಾಗೆ ಕೂಗಿದರು. ಅವರ ದನಿ ಅಷ್ಟು ಎತ್ತರಕ್ಕೆ ಹೋಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. “ನಾಲ್ಕು ದಿನದಿಂದ ನನ್ನ ಹೇಂತಿ ಹೆಸರು, ಮಕ್ಕಳ ಹೆಸರು ಬಾಯಿಪಾಠ ಮಾಡಾಕತ್ತೀನಿ, ಎಲ್ಲಿ ಮರೀತೀನೋ ಅಂತ. ನಿನಗೇನ್ ಗೊತ್ತು? ಮಾಫಿ ಬ್ಯಾಡ ನನಗ. ನಿಮ್ಮ ದೊಡ್ಡಪ್ಪ ಯಾರ್ಯಾರಿಗೆ ಹೇಳ್ಯಾನ, ಅವರ ಮನಿ ಮನಿಗೆ ಹೋಗು. ಇದ್ದದ್ದು ಇದ್ದಂಗ ಹೇಳು. ಹೇಳಿ ಆಮ್ಯಾಲ ಇಲ್ಲಿ ಬಾ.”

ಮೊದಲು ಖಾನಾಪುರಕ್ಕೆ ಹೋದೆ. ದೊಡ್ಡಪ್ಪ ಆರಿದ ಭಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಪೂರ್ತಿ ಕೇಳಿ, “ಅಂದ್ರ ನಮ್ಮ ಗಾಡ್ಯಾಗ ಲಾರಿ ಸಾಮಾನು ಹಾಕಿ ಇಪ್ಪತ್ತು ವರ್ಷ ಮೋಸ ಮಾಡ್ಯಾನ” ಎಂದ. ನಾನು ಹೇಳಿದ್ದರಲ್ಲಿ ಅವನ ಕಿವಿಗೆ ಬಿದ್ದದ್ದು ಅದೊಂದೇ.

“ಆ ಲಾರಿ ಸಾಮಾನಿನ ಮ್ಯಾಲ ಇಪ್ಪತ್ತು ವರ್ಷ ಜೀವಂತ ಓಡ್ಯಾಡಿದಿ. ಮೋಸ ಆದದ್ದು ಯಾರಿಗೆ?”

“ಏ ಪೋರಿ, ನಿಮ್ಮ ಕಾಲೇಜಿನ ವಾದ ನನ್ನ ಮುಂದ ಬ್ಯಾಡ. ಹೊರಗ ಎಲ್ಲೂ ಬಾಯಿ ಬಿಡಬ್ಯಾಡ, ಮೆರವಣಿಗಿ ಅರ್ಜಿ ಇನ್ನೂ ಐತಿ.”

“ನೀರು ಸುರಿಸಿ ಡ್ರಮ್ ಒಡದದ್ದು ಯಾರು, ಅದನ್ನೂ ಗುಂಪಿನ್ಯಾಗ ಹಾಕಲೇನು?”

ಆ ಮಾತಿಗೆ ಅವನು ಎದ್ದು ಒಳಗೆ ಹೋದ. ಮುಂದೆ ಎರಡು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಅಪ್ಪನ ಹತ್ತಿರ ನಾನು ಬೈಸಿಕೊಂಡೆ. ಅರ್ಜಿ ಅವನು ಹಿಂದಕ್ಕೆ ಪಡೆಯಲಿಲ್ಲ. ನಾನು ಬರೆದ ಆ ಮೂರು ಪುಟ ಹಿಂದಕ್ಕೆ ಪಡೆಯುತ್ತಿದ್ದೇನೆ ಎಂದು ಪರೀಕ್ಷಕನಿಗೆ ನಾನೇ ಪತ್ರ ಕಳಿಸಿದೆ. ಉತ್ತರ ಬರಲಿಲ್ಲ.

ಬೆಳಗಾವಿಯಲ್ಲಿ ಬಿಡಿಭಾಗದ ಅಂಗಡಿಯವನ ಹತ್ತಿರ ಹೋದೆ. ಹಳೆಗಾಡಿಯವರೆಲ್ಲ ಅವನನ್ನು ಕೇಳಿಯೇ ಮಿಸ್ತ್ರಿಯನ್ನು ಹುಡುಕುವುದು. ಇಡೀ ಕಥೆ ಕೇಳಿ ಕನಿಕರದಿಂದ ತಲೆ ಆಡಿಸಿದ. “ನಿಮ್ಮ ಮನಸ್ಸು ಭಾಳ ಚಲೋ ಐತ್ರಿ ಅಕ್ಕಾರ. ವಯಸ್ಸಾದವ್ರ ತಪ್ಪು ತಮ್ಮ ಮ್ಯಾಲ ಹಾಕ್ಕೊಳ್ಳೂ ಮಂದಿ ಈಗ ಎಲ್ಲಿ ಸಿಗತಾರ?”

ನನಗೆ ಗಲ್ಲಾಪೆಟ್ಟಿಗೆ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಸುಳ್ಳನ್ನು ವೇದಿಕೆಯ ಮೇಲೆ ನಿಂತು ನಂಬಿಸಿದವಳು ನಾನು. ನಿಜವನ್ನು ಒಬ್ಬ ನಟ್ಟು-ಬೋಲ್ಟಿನವನಿಗೆ ನಂಬಿಸಲಾಗಲಿಲ್ಲ. ನಂಬದಿದ್ದರೂ ಪರವಾಗಿರಲಿಲ್ಲ, ಅವನು ನನ್ನನ್ನು ಒಳ್ಳೆಯವಳು ಮಾಡಿಬಿಟ್ಟ. ಪುರಾವೆ ಕೊಡೋಣವೆಂದರೆ ಅದನ್ನು ನಾನೇ ಕಾನಸದಿಂದ ಪುಡಿ ಮಾಡಿದ್ದೆ.

ಪುರಾವೆ ಬೇರೆ ಕಡೆ ಇರಬಹುದಲ್ಲ ಎಂದು ಹೊಳೆದದ್ದು ಕ್ಯಾಂಪಿನ ಬಂಗಲೆಯವರ ಗೇಟಿನ ಮುಂದೆ ನಿಂತಾಗ. ಅವರ ಹತ್ತಿರವೂ ಅದೇ ಕಾಲದ ದೊಡ್ಡ ಕಪ್ಪು ಅಮೆರಿಕನ್ ಕಾರಿತ್ತು. ಅವರ ತಂದೆಯ ಕಾಲದಿಂದ ಚಾಚಾರೇ ನೋಡುತ್ತಿದ್ದರು. ಮುಂದಿನ ವಾರ ಅದನ್ನು ಕೊಲ್ಹಾಪುರದ ಮಿಸ್ತ್ರಿಗೆ ಕಳಿಸುವುದೆಂದು ಗುಂಪಿನಲ್ಲಿ ಬರೆದಿದ್ದರು. ನಾನು ಕಥೆ ಹೇಳಲಿಲ್ಲ. “ಸರ್, ಬಾನೆಟ್ ಎತ್ತತೀರೇನು? ಒಂದು ವಸ್ತು ತೋರಸ್ತೀನಿ” ಎಂದೆ.

ಎಣ್ಣೆ ಒರೆಸಿದ ಮೇಲೆ ಮೊದಲ ಜೋಡಿ ಸಿಕ್ಕಿತು. ಬ್ರೇಕಿನ ಸಿಲಿಂಡರಿನ ಮೇಲೆ. ಆಮೇಲೆ ನೀರಿನ ಪಂಪಿನ ಮೇಲೆ. ಪೆಟ್ರೋಲ್ ಪಂಪಿನ ಮೇಲೆ. ಸ್ಟಿಯರಿಂಗಿನ ಪೆಟ್ಟಿಗೆಯ ಮೇಲೆ. ಪ್ರತಿಯೊಂದು ಕಡೆ ಎರಡೆರಡು. ಆಗ ಹೇಳಿದೆ, ಚುಕ್ಕಿ ಏನು, ಯಾಕೆ, ನಾನು ಏನು ಮಾಡಿದೆ. ಬಂಗಲೆಯವರು ಹೆಬ್ಬೆರಳಿನಿಂದ ಒಂದೊಂದನ್ನೂ ಮುಟ್ಟಿ ನೋಡಿದರು. ಮುಖ ಕೆಂಪಾಯಿತು.

“ಅಂದ್ರ ಇದರಾಗ ಅಸಲಿ ಏನೈತ್ರಿ?”

“ತಗಡು” ಎಂದೆ. “ಮತ್ತ ನಿಮ್ಮ ತಂದಿಯವರ ಕಾಲದಿಂದ ರಸ್ತೆದಾಗ ಕೆಟ್ಟು ನಿಂತಿಲ್ಲಲ್ಲ, ಅದು.”

ಬಾನೆಟ್ ಧಡ್ ಎಂದು ಮುಚ್ಚಿದರು. ಚಾಚಾರ ನೆನಪನ್ನು ಉಳಿಸಲು ಬಂದು ಅವರ ನಿಯತ್ತನ್ನು ಕಳೆದೆನಲ್ಲ ಅನ್ನಿಸಿತು. ಬಂಗಲೆಯವರು ಅಂಗಳದಲ್ಲಿ ಎರಡು ಸಲ ಓಡಾಡಿದರು. ಮತ್ತೆ ಬಂದು ಗಾಡಿಯಲ್ಲಿ ಕುಳಿತು ಚಾಲೂ ಮಾಡಿದರು. ಒಂದೇ ಸಲಕ್ಕೆ ಹತ್ತಿತು. ಸ್ವಲ್ಪ ಹೊತ್ತು ಅದರ ಸದ್ದು ಕೇಳುತ್ತ ಕುಳಿತರು.

“ಕೊಲ್ಹಾಪುರದಾವ ಇದನ್ನ ಪುಸ್ತಕದ ಪ್ರಕಾರ ಬಿಚ್ಚಿದ್ರ?”

“ನಮ್ಮ ಗಾಡಿಗೆ ಆದದ್ದಽ ಆಗತೈತಿ.”

“ಚಾಚಾಗ ಹೇಳ್ರಿ, ಗಾಡಿ ಅಲ್ಲೇ ಕಳಸ್ತೀನಿ” ಎಂದು ಎಂಜಿನ್ ಬಂದ್ ಮಾಡಿದರು. “ಆದ್ರ ಈ ಚುಕ್ಕಿ ಸುದ್ದಿ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ಗುಂಪಿನ್ಯಾಗ ನಮ್ಮದು ಅಸಲಿ ಅಂತ ಐತಿ.”

ನಾನು ಉರಿಯುತ್ತಲೇ ಶೆಡ್ಡಿಗೆ ಬಂದೆ. ಚಾಚಾ ಒಡೆದ ಡ್ರಮ್ಮನ್ನು ಕಟ್ಟೆಯ ಮೇಲಿಟ್ಟುಕೊಂಡು ಕೂತಿದ್ದರು. ಅದೇ ಅಳತೆಯ ಲಾರಿ ಡ್ರಮ್ಮೊಂದು ಪಕ್ಕದಲ್ಲಿತ್ತು. ಒಡೆದದ್ದನ್ನು ಕಳಿಸಿದವನು ದೊಡ್ಡಪ್ಪನಂತೆ, ಬದಲಿ ಮಾಡಿಸಲು. ಬಾಯಿಬಿಟ್ಟು ಕೇಳದೆ, ಡ್ರೈವರನ ಕೈಯಲ್ಲಿ ಕೊಟ್ಟು ಕಳಿಸಿದ್ದ. ನಾನು ಎಲ್ಲ ಹೇಳಿದೆ. ಅಂಗಡಿಯವನದು, ಬಂಗಲೆಯವರದು, ಅವರ ಷರತ್ತು.

“ಒಪ್ಪಬ್ಯಾಡ್ರಿ ಚಾಚಾ. ನಿಮ್ಮ ಕೆಲಸ ಬೇಕಂತ, ನೀವು ಮಾಡೀರಿ ಅನ್ನೂದು ಬ್ಯಾಡಂತ. ಈ ಡ್ರಮ್ಮೂ ಅಷ್ಟಽ, ತಿರುಗಿ ಕಳಸ್ರಿ. ದೊಡ್ಡಪ್ಪ ಮೊದ್ಲು ಗುಂಪಿನ್ಯಾಗ ತಪ್ಪಾತು ಅಂತ ಬರೀಲಿ. ಇಲ್ಲಂದ್ರ ಇದು ಮತ್ತ ಅದಽ ಸುಳ್ಳು…”

“ಬಂಗಲೆದವರು ಗಾಡಿ ಯಾವಾಗ ಕಳಸ್ತಾರಂತ?”

“ನಾ ಏನ್ ಹೇಳಾಕತ್ತೀನಿ, ನೀವೇನ್ ಕೇಳಾಕತ್ತೀರಿ ಚಾಚಾ?”

“ಮಂಗಳವಾರ ಕಳಸ್ರಿ ಅಂತ ಹೇಳು. ಬಂದಾಗ ಬಾನೆಟ್ ಎತ್ತಿ ಒಂದೊಂದು ಸಾಮಾನು ಅವ್ರ ಕೈ ಹಿಡದು ತೋರಸ್ತೀನಿ. ಹೊರಗ ಏನರ ಹೇಳ್ಕೊಳ್ಳಲಿ, ನನ್ನ ಮುಂದ ಇನ್ನ ನಜರ್-ಗಿಜರ್ ಇಲ್ಲ.” ಅಳತೆಯ ಪಟ್ಟಿಯನ್ನು ಡ್ರಮ್ಮಿನೊಳಗೆ ಇಳಿಸಿ ಕಣ್ಣು ಕಿರಿದು ಮಾಡಿದರು. “ಇನ್ನೆಷ್ಟು ಮನಿ ಉಳದಾವ ನಿನ್ನವು?”

“ಎಂಟು.”

“ಮತ್ತಿಲ್ಲಿ ಏನ್ ಮಾಡಾಕತ್ತೀ? ಬಾಜೂಕ ಸರಿ. ಬೆಳಕಿಗೆ ಅಡ್ಡ ನಿಂತೀ.”